ಹಾಡದೆ ಬಿಟ್ಟ ಕೊನೆಯ ದ್ವಿಪದಿ

ವೇದಿಕೆಯ ನಟ್ಟನಡುವೆ ಕೂತಿರುವ ಅಧ್ಯಕ್ಷರಾದ ಮಹಾದೇವಪ್ಪನವರೇ, ಯಾದಗಿರಿಯಿಂದ ಕಾರು ಮಾಡಿಕೊಂಡು ಬಂದಿರುವ ಮುಖ್ಯ ಅತಿಥಿಗಳೇ, ಶಹಾಪುರದಿಂದ ಬಸ್ಸು ಹಿಡಿದು ಬಂದು ಅವರಿಗಿಂತ ಒಂದು ತಾಸು ಮೊದಲೇ ಕೂತಿರುವ ಕಲಾವಿದ ಮಿತ್ರರೇ, ಇವತ್ತಿನ ಸನ್ಮಾನಿತರೇ, ಮೈಕಿನ ಮಕ್ತುಮಸಾಬರೇ, ಊಟಕ್ಕೆ ಇನ್ನೂ ತಡ ಇದೆ ಎಂದು ಗೊತ್ತಿದ್ದೂ ಎದ್ದು ಹೋಗದ ಸುರಪುರದ ಸಭಿಕರೇ,

ನನಗೆ ಎರಡು ಮಾತು ಆಡಲು ಹೇಳಿದ್ದಾರೆ. ನಿಮ್ಮ ಕೈಯಲ್ಲಿ ಆಮಂತ್ರಣ ಪತ್ರಿಕೆ ಇದ್ದರೆ ದಯವಿಟ್ಟು ಒಮ್ಮೆ ತೆರೆದು ನೋಡಿ. ಪ್ರಾರ್ಥನೆ ಮಾಡುವವರ ಹೆಸರಿದೆ. ಸ್ವಾಗತ ಕೋರುವವರ ಹೆಸರಿದೆ. ಶಾಮಿಯಾನದವರ ಹೆಸರಿದೆ, ಹೂವಿನ ಹಾರ ಕೊಡಿಸಿದವರ ಹೆಸರಿದೆ. ಅದರ ಕೆಳಗೆ ‘ಎರಡು ಮಾತು: ಗಾಯಕಿಯ ಪತಿ’ ಎಂದಿದೆ. ಪತಿ! ಪತಿಗೆ ಒಂದು ಹೆಸರು ಇರುವುದಿಲ್ಲವೇ ಸ್ವಾಮಿ? ಶಾಮಿಯಾನಕ್ಕೆ ಇರುವ ಹೆಸರು ಗಂಡನಿಗೆ ಬೇಡವೇ? ನನ್ನ ಹೆಸರು ಅಂಬ್ರಪ್ಪ. ದೇವಾಪುರದ ಅಂಬ್ರಪ್ಪ. ಬೇಕಾದರೆ ಪೆನ್ನು ತೆಗೆದು ಅಲ್ಲೇ ಬರೆದುಕೊಳ್ಳಿ, ನಾನು ಕಾಯುತ್ತೇನೆ.

ನಗಬೇಡಿ. ಇದು ನಗುವ ಮಾತಲ್ಲ. ಇವತ್ತಿಗೆ ಮೂವತ್ತಾರು ವರ್ಷದಿಂದ ನಾನು ಕಾಯುತ್ತಿರುವುದೇ ಇದಕ್ಕೆ.

ಸನ್ಮಾನಿತರು ದೊಡ್ಡ ಗಜಲ್ ಗಾಯಕಿ. ಒಪ್ಪಿದೆ. ಯಾದಗಿರಿ, ಶಹಾಪುರ, ಸುರಪುರ, ಮೂರೂ ಕಡೆ ಅವರು ಹಾಡದ ವೇದಿಕೆ ಇಲ್ಲ. ಒಪ್ಪಿದೆ. ಅವರು ಹಾಡುವ ಕನ್ನಡ ಗಜಲ್‌ಗಳು ಚಹಾದ ಅಂಗಡಿಯಲ್ಲಿ, ಟಂಟಂ ಗಾಡಿಯಲ್ಲಿ, ಕಕ್ಕೇರಾದ ಕ್ಷೌರದಂಗಡಿಯಲ್ಲಿ ಕೇಳುತ್ತವೆ. ಅದೂ ಒಪ್ಪಿದೆ. ಆದರೆ ಸಭಿಕರೇ, ಆ ಗಜಲ್‌ಗಳನ್ನು ಬರೆದವರು ಯಾರು? ಬಲ್ಲವರು ಕೈ ಎತ್ತಿ. ಹಿಂದಿನ ಸಾಲಿನಲ್ಲಿ ಎತ್ತಿದ್ದು ನಮ್ಮ ತಂಗಿ ಲಾಲಮ್ಮ. ಅದು ಲೆಕ್ಕಕ್ಕಿಲ್ಲ, ಇಳಿಸವ್ವಾ. ಮತ್ಯಾರೂ ಇಲ್ಲ. ನೋಡಿದಿರಾ?

ಬರೆದವನು ನಾನು. ನೂರಾ ಹನ್ನೆರಡು ಗಜಲ್. ಬರೆದವನಿಗೆ ಗಜಲಿನಲ್ಲಿ ಒಂದು ಜಾಗ ಕಾದಿಟ್ಟಿರುತ್ತಾರೆ. ಕಟ್ಟಕಡೆಯ ದ್ವಿಪದಿಯಲ್ಲಿ, ಎಂದರೆ ಕೊನೆಯ ಎರಡು ಸಾಲಿನಲ್ಲಿ, ಕವಿ ತನ್ನ ಹೆಸರನ್ನು ತಾನೇ ಕರೆದುಕೊಳ್ಳುತ್ತಾನೆ. ಅದಕ್ಕೆ ಮಕ್ತಾ ಎಂದು ಹೆಸರು. ನಾನು ನೂರಾ ಹನ್ನೆರಡು ಮಕ್ತಾ ಬರೆದೆ. ಅವುಗಳಲ್ಲಿ ಒಂದನ್ನಾದರೂ, ಒಂದೇ ಒಂದನ್ನಾದರೂ, ಇಲ್ಲಿ ಕೂತಿರುವ ಈ ಗಾಯಕಿ ವೇದಿಕೆಯ ಮೇಲೆ ಹಾಡಿದ್ದನ್ನು ಯಾರಾದರೂ ಕೇಳಿದ್ದೀರಾ? ಕೇಳಿಲ್ಲ. ನಾನೂ ಕೇಳಿಲ್ಲ.

ಯಾಕೆ ಕೇಳಿಲ್ಲ ಎಂಬುದನ್ನು ಹೇಳುವುದಕ್ಕೇ ನಾನು ಈ ಎರಡು ಮಾತಿಗೆ ಒಪ್ಪಿಕೊಂಡದ್ದು.

ಎಂಬತ್ತಾರನೇ ಇಸವಿ. ದೇವಾಪುರದ ಕಡೆಗೆ ಕಾಲುವೆ ನೀರು ಬಂದ ಹೊಸತು. ಅಲ್ಲಿಯವರೆಗೆ ನಮ್ಮದು ಜೋಳ, ಸಜ್ಜೆ, ತೊಗರಿಯ ನೆಲ. ನೀರು ಬಂದ ಮೇಲೆ ಭತ್ತ ಬಂತು, ಭತ್ತದ ಹಿಂದೆ ಸಸಿ ನಾಟಿ ಮಾಡುವ ಹೆಣ್ಣಾಳುಗಳ ಗುಂಪು ಬಂತು. ನನಗೆ ಕಾಲುವೆ ಗೇಟಿನ ಹತ್ತಿರ ನೀರಿನ ಅಳತೆ ಬರೆಯುವ ಕೆಲಸ. ಕಟ್ಟೆಯ ಗೋಡೆಗೆ ಅಡಿ, ಇಂಚಿನ ಗೆರೆ ಎಳೆದಿರುತ್ತಾರೆ. ತಾಸಿಗೊಮ್ಮೆ ಬಗ್ಗಿ ನೋಡಬೇಕು, ಹಾಳೆಯಲ್ಲಿ ಬರೆಯಬೇಕು. ಅಷ್ಟೇ ಕೆಲಸ. ಅಷ್ಟನ್ನೂ ನಾನು ಸರಿಯಾಗಿ ಮಾಡಲಿಲ್ಲ. ಒಂದು ಸಲ ಎಂಟು ದಿನ, ಎಲ್ಲ ತಾಸಿಗೂ ‘ಎರಡು ಅಡಿ ನಾಲ್ಕು ಇಂಚು’ ಎಂದೇ ಬರೆದಿದ್ದೆ. ಮೇಲಿನ ಸಾಹೇಬರು ಜೀಪಿನಲ್ಲಿ ಬಂದು ಹಾಳೆ ನೋಡಿ, “ಏನೋ ಅಂಬ್ರಪ್ಪ, ನೀರು ಹರಿಯಾಕತ್ತದೋ, ನಿಂತದೋ?” ಎಂದರು. ನಾನು ಏನು ಹೇಳಲಿ? ನೀರು ಹರಿಯುತ್ತಲೇ ಇತ್ತು. ಗೇಟಿನ ಕೆಳಗಿನ ಗದ್ದೆಯಲ್ಲಿ ಒಬ್ಬ ಹುಡುಗಿ ಹಾಡುತ್ತಿದ್ದಳು, ಬಗ್ಗಿ ನೋಡುವುದಕ್ಕೆ ನನಗೆ ಪುರುಸೊತ್ತು ಇರಲಿಲ್ಲ.

ಈ ಸಂಗತಿಯನ್ನು ನಾನು ಹೇಳಬೇಕೆಂದಿರಲಿಲ್ಲ. ಬಾಯಿಗೆ ಬಂತು. ಹೋಗಲಿ ಬಿಡಿ, ಸರ್ಕಾರ ಈಗ ನನ್ನ ಪಿಂಚಣಿ ಹಿಡಿಯಲಾರದು.

ಮುಂದಿನ ವರ್ಷ ಮದುವೆ ಆಯಿತು. ನಮ್ಮ ಕಡೆಯ ಪದ್ಧತಿ ನಿಮಗೆ ನಾನು ಹೇಳಿಕೊಡಬೇಕಿಲ್ಲ. ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಜೀವಮಾನದಲ್ಲಿ ಒಂದೇ ಸಲ, ಹೊಸ್ತಿಲು ದಾಟುವಾಗ, ಬಾಗಿಲಿಗೆ ಅಡ್ಡ ನಿಂತ ಹೆಣ್ಣುಮಕ್ಕಳು ಹಟ ಹಿಡಿದರೆ, ಎರಡು ಸಾಲಿನ ಒಡಪು ಕಟ್ಟಿ ಅದರೊಳಗೆ ಹೆಸರು ಸೇರಿಸಿ ಹೇಳುತ್ತಾಳೆ. ನಮ್ಮ ಮದುವೆಯಲ್ಲೂ ಬಾಗಿಲಿಗೆ ಅಡ್ಡ ನಿಂತರು. ಇವರೂ ಹೇಳಿದರಂತೆ. ‘ಹೇಳಿದರಂತೆ’ ಎಂದು ಯಾಕೆ ಅನ್ನುತ್ತಿದ್ದೇನೆ? ಮೈಕಿನವನು ಅದೇ ಹೊತ್ತಿಗೆ ದೊಡ್ಡ ದನಿಯಲ್ಲಿ ಹಾಡಿನ ರೆಕಾರ್ಡು ಹಾಕಿದ್ದ. ಪಕ್ಕದಲ್ಲೇ ನಿಂತಿದ್ದ ಮದುಮಗನಿಗೆ ತುಟಿ ಅಲ್ಲಾಡಿದ್ದು ಕಂಡಿತು, ಮಾತು ಕೇಳಲಿಲ್ಲ. ಮಕ್ತುಮಸಾಬರೇ, ತಲೆ ತಗ್ಗಿಸಬೇಡಿ, ಅದು ನೀವಲ್ಲ, ನಿಮ್ಮ ತಂದೆಯವರು.

ಲಾಲಮ್ಮ ಆಮೇಲೆ ಹೇಳಿದಳು, ಒಡಪು ಹೀಗಿತ್ತಂತೆ:

“ದೇವಾಪುರದ ಕಾಲುವಿಗೆ ನೀರ ಬಿಟ್ಟಾರ,
ಅಂಬ್ರಪ್ಪನವರ ಹೆಸರ ಹೇಳಿ ಹೊಸ್ತಿಲ ದಾಟೀನ.”

ಚೆನ್ನಾಗಿದೆ ಅಲ್ಲವೇ? ಅಕ್ಷರ ಬಾರದ ಹುಡುಗಿ ಕಟ್ಟಿದ್ದು. ಅವರಿಗೆ ಇವತ್ತಿಗೂ ಓದಲು ಬರುವುದಿಲ್ಲ. ಸಹಿ ಒಂದು ಬರುತ್ತದೆ. ಉಳಿದದ್ದೆಲ್ಲ ಕಿವಿಯಿಂದ ಕಲಿತದ್ದು.

ಕಲಿಸಿದವರು ನಮ್ಮ ಫಕ್ರುದ್ದೀನ ಉಸ್ತಾದರು. ಇದೇ ಸುರಪುರದಲ್ಲಿ ಹಾರ್ಮೋನಿಯಂ ರಿಪೇರಿ ಮಾಡುತ್ತಿದ್ದ ಹಿರಿಯರು, ಉರ್ದು ಗಜಲ್‌ಗಳ ಒಂದು ಕಣಜ. ವಾರಕ್ಕೆರಡು ಸಲ ಇವರನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ದೇವಾಪುರದಿಂದ ಕರೆತರುತ್ತಿದ್ದವನು ಯಾರು? ಏರಿನಲ್ಲಿ ಇಳಿದು ಸೈಕಲ್ಲು ತಳ್ಳುತ್ತಿದ್ದವನು ಯಾರು? ಇದನ್ನು ಹೊಗಳಿಕೆಗೆಂದು ಹೇಳುತ್ತಿಲ್ಲ. ಅಲ್ಲ, ಹೊಗಳಿಕೆಗೇ ಹೇಳುತ್ತಿದ್ದೇನೆ, ಬೇರೆ ಯಾರೂ ಹೇಳುವುದಿಲ್ಲವಲ್ಲ.

ಉಸ್ತಾದರು ಮೊದಲ ದಿನವೇ ಒಂದು ಕಟ್ಟಪ್ಪಣೆ ಮಾಡಿದ್ದರು. “ಬೇಟಿ, ಏನ್ ಬಿಟ್ಟರೂ ಮಕ್ತಾ ಬಿಡಬ್ಯಾಡ. ಬರದಾವ ಗರೀಬ ಇರ್ತಾನ. ಆತಗ ಅಂತ ಇರೂದು ಅದೊಂದ ಜಾಗಾ.” ಇವರು ತಲೆ ಅಲ್ಲಾಡಿಸಿದರು. ಉರ್ದು ಗಜಲ್ ಹಾಡುವಾಗ ಹಾಗೇ ನಡೆದುಕೊಂಡರು. ಎಲ್ಲೆಲ್ಲಿಯ ಕವಿಗಳ ಹೆಸರನ್ನೂ, ಸತ್ತು ಇನ್ನೂರು ವರ್ಷ ಆದವರ ಹೆಸರನ್ನೂ, ಎಳೆದು, ತಿರುಗಿಸಿ, ಮೂರು ಸಲ ಹಾಡುತ್ತಿದ್ದರು. ಜನ ವಾಹ್ ವಾಹ್ ಅನ್ನುತ್ತಿದ್ದರು.

ಅದನ್ನು ಕೇಳಿ ಕೇಳಿ ನನಗೂ ಒಂದು ಆಸೆ ಹುಟ್ಟಿತು. ಅದೇ ನನ್ನ ತಪ್ಪು. ಗೇಟಿನ ಪಕ್ಕದ ಕೋಣೆಯಲ್ಲಿ ಕೂತು, ಅಳತೆ ಹಾಳೆಗಳ ಬೆನ್ನಿಗೆ ಕನ್ನಡದಲ್ಲಿ ಗಜಲ್ ಬರೆಯಲು ಶುರು ಮಾಡಿದೆ. ಮೊದಲನೆಯದು ನಿಮಗೆಲ್ಲ ಬಾಯಿಪಾಠ ಇದೆ:

‘ಕಾಲುವೆ ತುಂಬಿ ಹರಿದ ನೀರು ನಮ್ಮ ಹೊಲದ ಕೊನೆಗೂ ಬರಲಿಲ್ಲ,
ಹಾಲು ತುಂಬುವ ಹೊತ್ತು ಮೀರಿತು, ಭತ್ತದ ತೆನೆಗೂ ಬರಲಿಲ್ಲ.’

ನೋಡಿ, ಎಲ್ಲರ ತುಟಿಯೂ ಆಡುತ್ತಿದೆ! ಇದರ ಕೊನೆಯ ದ್ವಿಪದಿ ಹೇಳಿ ನೋಡೋಣ? ಗೊತ್ತಿಲ್ಲ. ಹೇಗೆ ಗೊತ್ತಾಗಬೇಕು?

ಕಕ್ಕೇರಾದಲ್ಲಿ ಮೊದಲ ಸಲ ಇದನ್ನು ಹಾಡಿದರು. ನಾನು ಮುಂದಿನ ಸಾಲಿನಲ್ಲಿ ಹೊಸ ಅಂಗಿ ಹಾಕಿಕೊಂಡು ಕೂತಿದ್ದೆ. ಐದು ದ್ವಿಪದಿ ಮುಗಿಯಿತು. ಆರನೆಯದು ನನ್ನದು. ಅಂಗಿಯ ಗುಂಡಿ ಸರಿ ಮಾಡಿಕೊಂಡೆ. ತಬಲಾದವನು ಬಾರಿಸುತ್ತಲೇ ಇದ್ದಾನೆ, ಇವರು ಕೈಮುಗಿದು ಎದ್ದುಬಿಟ್ಟರು! ತಬಲಾದವನು ಒಬ್ಬನೇ ಇನ್ನೂ ಒಂದು ಸುತ್ತು ಬಾರಿಸಿ ನಾಚಿ ನಿಲ್ಲಿಸಿದ.

ಬಸ್ಸಿನಲ್ಲಿ ಕೇಳಿದೆ. “ಯಾಕ ಬಿಟ್ಟಿ ಅದನ್ನ?”

“ಅದರಾಗ ನೀವಿದ್ರಿ.”

“ಅಲ್ಲ, ಉಸ್ತಾದರು ಏನ್ ಹೇಳ್ಯಾರ? ಮಕ್ತಾ ಬಿಡಬಾರ್ದು ಅಂದಾರ ಇಲ್ಲೋ?”

“ಅವರು ಗಂಡನ ಹೆಸರ ಹೇಳು ಅಂತ ಎಲ್ಲಿ ಹೇಳ್ಯಾರ್ರಿ?”

ಉಸ್ತಾದರ ಹತ್ತಿರ ದೂರು ಒಯ್ದೆ. ಅವರು ಹಾರ್ಮೋನಿಯಂ ಬಿಚ್ಚಿ ಕೂತಿದ್ದವರು, ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡರು. “ಗಲತಿ ನಿಂದ ಅದ ಅಂಬ್ರಪ್ಪ. ಸ್ವಂತ ಬೀವಿ ಬಾಯಾಗ ತನ್ನ ಹೆಸರ ಇಡಾವ ಶಾಯರ್ ಎಲ್ಲಿ ಅದಾನ? ಹೋಗು, ಬ್ಯಾರೆ ಹೆಸರ ಇಟ್ಕೋ.” ನ್ಯಾಯವಾದ ಮಾತು. ನಾನು ‘ತೀರವಾಸಿ’ ಎಂಬ ಕಾವ್ಯನಾಮ ಇಟ್ಟುಕೊಂಡು ಅಷ್ಟೂ ಮಕ್ತಾ ತಿದ್ದಿದೆ. ಓದಿ ಹೇಳಿದೆ. ಇವರು ಕೇಳಿದರು, ಅಕ್ಕಿ ಆರಿಸುತ್ತ ಕೂತಿದ್ದರು, ಮುಖ ಎತ್ತಲಿಲ್ಲ. “ತೀರವಾಸಿ ಅಂದ್ರ ಯಾರ್ರಿ?” ಎಂದರು. ನಾನೇ ಎಂದೆ. “ಮತ್ತ? ಏನ್ ಇಟ್ಕೊಂಡ್ರೂ ನೀವ ಅಲ್ಲೇನು?” ಮುಗಿಯಿತು! ಕೋರ್ಟೂ ಅವರದೇ, ತೀರ್ಪೂ ಅವರದೇ. ಆಮೇಲೆ ಸಿಟ್ಟಿನಿಂದ ಅಷ್ಟೂ ಕಡೆ ತೀರವಾಸಿಯನ್ನು ಹೊಡೆದುಹಾಕಿ ಮತ್ತೆ ಅಂಬ್ರಪ್ಪನನ್ನೇ ಕೂರಿಸಿದೆ.

ಅಷ್ಟಕ್ಕೇ ನಿಲ್ಲಲಿಲ್ಲ. ‘ಅಂಬರ’ ಎಂದು ಬಂದಲ್ಲೆಲ್ಲ ಇವರು ‘ಆಕಾಶ’ ಎಂದು ಹಾಡಿದರು, ನನ್ನ ಹೆಸರಿನ ಹತ್ತಿರ ಹೋಗುತ್ತದೆ ಎಂದು. ನಾನು ತಿಂಗಳುಗಟ್ಟಲೆ ಕೂತು ಜೋಡಿಸಿದ ಪ್ರಾಸ ಕಾಲುವೆ ಪಾಲಾಯಿತು. ಕೇಳುವವರಿಗೆ ಏನು ಗೊತ್ತು? ಬರೆದವನಿಗೆ ಪ್ರಾಸ ಬರುವುದಿಲ್ಲ ಅಂದುಕೊಂಡರು. ಆ ಬರೆದವನು ಯಾರೆಂಬುದಾದರೂ ಗೊತ್ತಿತ್ತೇ ಎಂದರೆ, ಅದೂ ಗೊತ್ತಿರಲಿಲ್ಲ.

ಕ್ಯಾಸೆಟ್ ಬಂತು. ಮೇಲೆ ಇವರ ಫೋಟೊ, ಹಿಂದೆ ಬೋನಾಳ ಕೆರೆಯ ಹಕ್ಕಿಗಳು. ಕೆಳಗೆ ‘ಸಾಹಿತ್ಯ: ಜನಪದ’. ನಾನು ಜನಪದ! ಮಾಡಿದವರನ್ನು ಕೇಳಿದರೆ, “ಹಾಡಿನಾಗ ಯಾರ ಹೆಸರೂ ಇರಲಿಲ್ರಿ, ಹಿಂಗಾಗಿ ಹಾಕಿವಿ” ಎಂದರು. ಅವರದೇನು ತಪ್ಪು?

ಆಮೇಲೆ ಒಬ್ಬ ಸಂಶೋಧಕರು ನಮ್ಮ ಮನೆಗೇ ಬಂದರು. ನಾನೇ ಚಹಾ ಮಾಡಿ ಕೊಟ್ಟೆ. ಚಹಾ ಕುಡಿದು ಹೇಳಿದರು, ಈ ಗಜಲ್‌ಗಳನ್ನು ಕಟ್ಟಿದ್ದು ಹೆಸರು ತಿಳಿಯದ ಒಬ್ಬ ಮುದುಕಿ, ಅವುಗಳ ಕೊನೆಯ ದ್ವಿಪದಿಗಳು ಬಾಯಿಂದ ಬಾಯಿಗೆ ಬರುವಾಗ ಕಳೆದುಹೋಗಿವೆ ಎಂದು. ಕಳೆದುಹೋಗಿಲ್ಲ ಸ್ವಾಮಿ, ಟ್ರಂಕಿನಲ್ಲಿವೆ ಎಂದೆ. ಅವರು ನನ್ನನ್ನು ಕರುಣೆಯಿಂದ ನೋಡಿದರು. ಒಳಗಿನಿಂದ ಇವರು ಬಂದು ‘ಹೌದು, ನಮ್ಮ ಮನೆಯವರೇ ಬರೆದದ್ದು’ ಎಂದು ಹೇಳಿದರು. ಸತ್ಯ ಹೇಳಬೇಕು, ಅದನ್ನು ಅವರು ಯಾವತ್ತೂ ಮುಚ್ಚಿಟ್ಟವರಲ್ಲ. ಸಂಶೋಧಕರು ಪೆನ್ನು ತೆಗೆದು “ಅವರ ಹೆಸರು?” ಎಂದರು. ಇವರು ನನ್ನ ಕಡೆ ಬೆರಳು ತೋರಿಸಿದರು. ಬೆರಳನ್ನು ಪುಸ್ತಕದಲ್ಲಿ ಹೇಗೆ ಬರೆಯುತ್ತಾರೆ? ಅವರ ಪುಸ್ತಕದಲ್ಲಿ ಮುದುಕಿಯೇ ಉಳಿದಳು.

ಇನ್ನು ಶಹಾಪುರದ ಸಂಗತಿ. ಅಲ್ಲಿ ಸೂಗಪ್ಪ ಎಂಬ ಒಬ್ಬರಿದ್ದರು, ಸಭೆ ಸಮಾರಂಭಗಳ ದೊಡ್ಡ ಸಂಘಟಕರು. ಈಗಿಲ್ಲ, ಅವರ ಬಗ್ಗೆ ಕೆಟ್ಟದ್ದು ಆಡಬಾರದು. ಆದರೂ ಆಡುತ್ತೇನೆ. ಈ ಗಜಲಿಗೆ ಬಾಲ ಇಲ್ಲ ಎಂದು ಅವರೇ ಒಂದು ಮಕ್ತಾ ಕಟ್ಟಿ, ಅದರಲ್ಲಿ ತಮ್ಮ ಹೆಸರು ಸೇರಿಸಿ, ಇವರಿಗೆ ಎರಡು ಸಲ ಓದಿ ಹೇಳಿದರು. ಇವರು ಹಾಡಿಬಿಟ್ಟರು! ನನ್ನ ಗಜಲಿನ ಕೊನೆಯಲ್ಲಿ ‘ಸೂಗಪ್ಪ’ ಎಂದು ತುಂಬು ಕಂಠದಲ್ಲಿ, ಎಳೆದು, ತಿರುಗಿಸಿ, ಮೂರು ಸಲ. ಸಭೆ ವಾಹ್ ಎಂದಿತು. ಸೂಗಪ್ಪನವರು ಎದ್ದು ನಿಂತು ಕೈಮುಗಿದರು. ನಾನು ಮುಂದಿನ ಸಾಲಿನಲ್ಲಿ ಕೂತಿದ್ದೆ, ಅದೇ ಅಂಗಿ.

ಆವತ್ತು ಬಸ್ಸಿನಲ್ಲಿ ಸುರಪುರ ಬರುವ ಹೊತ್ತಿಗೆ ತಡೆಯಲಾಗದೆ, “ಆತನ ಹೆಸರ ಹೇಳಾಕ ನಿನಗ ಏನೂ ಅನಸಲಿಲ್ಲೇನ?” ಎಂದೆ.

“ಆತ ನನಗ ಏನಾಗಬೇಕ್ರಿ? ಯಾರ ಹೆಸರಾದ್ರೂ ಹೇಳಬಹುದು. ನಿಮ್ಮದೊಂದ ಹೇಳಾಕ ಬರಂಗಿಲ್ಲ.”

“ಒಡಪಿನಾಗ ಹೇಳಿದ್ಯಂತಲ್ಲ? ಮಕ್ತಾನೂ ಒಡಪ ಅಲ್ಲೇನ? ಅದೂ ಎರಡ ಸಾಲು, ಇದೂ ಎರಡ ಸಾಲು.”

“ಒಡಪು ಒಮ್ಮೆ ಹೇಳೂದು. ಹೇಳೇನಿ. ನೀವು ಕೇಳಲಿಲ್ಲ ಅಂದ್ರ ನಾ ಏನ್ ಮಾಡಲಿ?”

ಹೇಳಿ ಸಭಿಕರೇ, ಇಂಥವರ ಜೊತೆ ಮನುಷ್ಯ ಹೇಗೆ ಬಾಳಬೇಕು? ಮೂವತ್ತಾರು ವರ್ಷ ಬಾಳಿದ್ದೇನೆ ಎಂದರೆ ಸನ್ಮಾನ ಯಾರಿಗೆ ಆಗಬೇಕಿತ್ತು? ಶಾಲು ಅವರ ಹೆಗಲ ಮೇಲಿದೆ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಇನ್ನೊಂದೇ ಒಂದು ಸಂಗತಿ, ಕೂತುಬಿಡುತ್ತೇನೆ.

ಹೋದ ವರ್ಷ ನಾನು ಬಿದ್ದೆ. ನಿವೃತ್ತಿ ಆದ ಮೇಲೂ ಬೆಳಿಗ್ಗೆ ಗೇಟಿನ ತನಕ ಹೋಗಿ ಬರುವುದು ನನಗೆ ರೂಢಿ. ಅಲ್ಲೇ ಎದೆ ಹಿಡಿದು ಬಿದ್ದೆನಂತೆ. ನಾನು ಬರಲಿಲ್ಲವೆಂದು ಹುಡುಕಿಕೊಂಡು ಬಂದು, ದಾರಿಯಲ್ಲಿ ಹೋಗುತ್ತಿದ್ದ ಗೊಬ್ಬರದ ಟೆಂಪೊ ನಿಲ್ಲಿಸಿ, ಯಾರೋ ಗುರುತಿಲ್ಲದ ಚಾಲಕನ ಕೈಕಾಲು ಹಿಡಿದು, ಇವರು ಒಬ್ಬರೇ ನನ್ನನ್ನು ಯಾದಗಿರಿಯ ಒಂದು ಆಸ್ಪತ್ರೆಗೆ ಹಾಕಿದರು. ಚೀಟಿ ಬರೆಯುವ ಕಿಟಕಿಯಲ್ಲಿ ದೇವಿಂದ್ರ ಎಂಬ ಗುಮಾಸ್ತರು. ಅವರೇ ಆಮೇಲೆ ನನಗೆ ಹೇಳಿದ್ದು, ನಾನು ಕಟ್ಟಿದ್ದಲ್ಲ.

“ಪೇಶಂಟ್ ಹೆಸರ ಏನ್ರಿ?”

“ನಮ್ಮ ಮನಿಯವರ್ರಿ.”

“ಅವರ ಹೆಸರ್ರಿ ಅಮ್ಮಾ.”

ಆಧಾರ್ ಕಾರ್ಡು ಮನೆಯಲ್ಲಿ. ಬರೆದು ತೋರಿಸೋಣ ಎಂದರೆ ಅಕ್ಷರ ಬಾರದು. ಹೇಳಿಬಿಡಲು ಪಕ್ಕದಲ್ಲಿ ಗುರುತಿನವರು ಒಬ್ಬರೂ ಇಲ್ಲ. ಹಿಂದೆ ಸಾಲು ಬೆಳೆಯಿತು. ಯಾರೋ “ಲಗೂ ಹೇಳಬೇ, ಜೀವ ಹೊಂಟೈತಿ, ಇಕಿಗಿ ನಾಚಿಕಿ” ಎಂದರಂತೆ. ಆಗ ಇವರು ಕಿಟಕಿಯ ಕಟ್ಟೆಯ ಮೇಲೆ ಒಂದು ಕೈ ಊರಿ, ಕಣ್ಣು ಮುಚ್ಚಿ, ಹಾಡಿದರಂತೆ. ಹೌದು ಸಭಿಕರೇ, ಹಾಡಿದರು. ಮೊದಲ ಗಜಲಿನ ಆ ಮಕ್ತಾ ಇಷ್ಟು ವರ್ಷ ಟ್ರಂಕಿನಲ್ಲಿ ಇತ್ತು ಎಂದು ನಾನು ತಿಳಿದಿದ್ದೆ:

‘ಗೇಟಿನ ಬಳಿ ಕೂತ ಅಂಬ್ರಪ್ಪ, ಏಳಿನ್ನು, ಎಷ್ಟು ಹೊತ್ತು ಕಾಯುತ್ತೀ,
ನೀರೂ ಬಂತು, ನೆರೆಯೂ ಬಂತು, ನೀನು ನಿನ್ನ ಮನೆಗೂ ಬರಲಿಲ್ಲ.’

ದೇವಿಂದ್ರ ಅವರು ಚೀಟಿಯ ಮೇಲೆ ‘ಅಂಬ್ರಪ್ಪ’ ಎಂದು ಬರೆದರು. ಆ ಚೀಟಿ ಈಗಲೂ ನನ್ನ ಜೇಬಿನಲ್ಲಿದೆ, ಇಲ್ಲಿ.

ನಾನು ಎಲ್ಲಿದ್ದೆ? ನಾಲ್ಕು ಮಾರು ದೂರದಲ್ಲಿ, ಸ್ಟ್ರೆಚರಿನ ಮೇಲೆ, ಎಚ್ಚರ ತಪ್ಪಿ! ಮದುವೆಯಲ್ಲಿ ಹೇಳಿದರು, ರೆಕಾರ್ಡು ಅಡ್ಡ ಬಂತು. ಮೂವತ್ತೈದು ವರ್ಷದ ಮೇಲೆ ಹಾಡಿದರು, ಕೇಳಿದ್ದು ಗುಮಾಸ್ತರು, ಕಾವಲುಗಾರ, ಜ್ವರದ ಸಾಲಿನವರು. ಬರೆದವನೊಬ್ಬ ಬಿಟ್ಟು ಎಲ್ಲರೂ ಕೇಳಿದರು. ಇದಕ್ಕಿಂತ ಕಿರಿಕಿರಿ ಲೋಕದಲ್ಲಿ ಯಾರಿಗಾದರೂ ಆಗಿದೆಯೇ?

ಮನೆಗೆ ಬಂದ ಮೇಲೆ ಬೇಡಿಕೊಂಡೆ. “ಇನ್ನೊಮ್ಮೆ ಹಾಡು. ನಾನೊಬ್ಬನ ಕೇಳ್ತೀನಿ, ಬಾಗಿಲ ಹಾಕ್ತೀನಿ.”

ಇವರು ಗುಳಿಗೆ ಬಿಡಿಸಿ ಕೈಗೆ ಕೊಟ್ಟು ಹೇಳಿದರು: “ಆವತ್ತು ನೀವು ಇರಲಿಲ್ಲ, ಕರದೆ. ಇವತ್ತು ಇಲ್ಲೇ ಕುಂತೀರಿ, ಮತ್ಯಾಕ ಕರೀಬೇಕು?”

ನೀರು ತನ್ನಿ ಯಾರಾದರೂ. ಸಾಕು, ಸಾಕು.

ಏನಿದು? ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಸಮಯ ಆಯಿತು ಎಂದಿರಬೇಕು. ಕನ್ನಡಕ ಎಲ್ಲಿ... ‘ಅಂಬ್ರಪ್ಪನವರೇ, ಗಾಯಕಿಯವರ ಹೆಸರನ್ನು ನೀವು ಈ ತನಕ ಒಮ್ಮೆಯೂ ಹೇಳಿಲ್ಲ.’

ಹೇಳಿಲ್ಲವೇ? ಸನ್ಮಾನಿತರು ಎಂದಿದ್ದೇನೆ... ನಮ್ಮ ಮನೆಯವರು... ಇವರು ಎಂದಿದ್ದೇನೆ. ಹೌದು. ಹೇಳಿಲ್ಲ.

ಮನೆಯಲ್ಲೂ ಹೇಳಿಲ್ಲ. ‘ಕೇಳಿಲ್ಲೇನ’ ಅಂತೀನಿ, ‘ಏ’ ಅಂತೀನಿ. ಬಾ ಅಂದರೆ ಬರುತ್ತಾರೆ, ಹೆಸರು ಬೇಕಾಗಿಲ್ಲ. ನನ್ನ ನೂರಾ ಹನ್ನೆರಡು ಗಜಲ್‌ನಲ್ಲಿ ನನ್ನ ಹೆಸರು ನೂರಾ ಹನ್ನೆರಡು ಸಲ ಇದೆ. ಅವರ ಹೆಸರು... ತಡೆಯಿರಿ... ಒಂದು ಸಲವೂ ಇಲ್ಲ. ಅವರು ಒಂದು ದಿನವಾದರೂ ಕೇಳಲಿಲ್ಲ. ಮದುವೆಯಲ್ಲಿ ನನ್ನನ್ನೂ ಬಾಗಿಲಲ್ಲಿ ತಡೆದಿದ್ದರು, ಹೆಂಡತಿ ಹೆಸರು ಹೇಳು ಎಂದು. ನಾನು ಗಂಡಸು, ನಾಚಿ, ತಳ್ಳಿಕೊಂಡು ಒಳಗೆ ಹೋದೆ. ಯಾರೂ ಏನೂ ಅನ್ನಲಿಲ್ಲ. ನನ್ನ ಒಡಪು ಬಾಕಿ ಉಳಿದಿದೆ ಸಭಿಕರೇ.

ಮಕ್ತುಮಸಾಬರೇ, ಮೈಕಿನ ದನಿ ಏರಿಸಿ. ಈ ಸಲ ಅಡ್ಡ ಏನೂ ಬರಬಾರದು. ಏ, ಸೆರಗು ಮುಖಕ್ಕೆ ಒಯ್ಯಬೇಡ, ಕಿವಿ ಕೊಟ್ಟು ಕೇಳು.

‘ಎರಡು ಅಡಿ ನಾಲ್ಕು ಇಂಚು ಎಂದು ಎಂಟು ದಿನ ಸುಳ್ಳು ಬರೆದೆ,
ಮರಿಲಿಂಗಮ್ಮನ ಹಾಡು ಕೇಳುತ್ತ ನೀರು ನೋಡುವುದ ಮರೆತೆ.’

ಮರಿಲಿಂಗಮ್ಮ. ಮರಿಲಿಂಗಮ್ಮ. ಮೂರು ಸಲ ಆಯಿತು.

ಪ್ರಾಸ ಸರಿ ಕೂಡಲಿಲ್ಲ, ಗೊತ್ತಿದೆ, ಈಗ ನಿಂತಲ್ಲೇ ಕಟ್ಟಿದ್ದು. ಇನ್ನು ಅವರು ಹಾಡುತ್ತಾರೆ. ನಿಮಗೆ ಬಾಯಿಪಾಠ ಇರುವುದನ್ನೇ ಹಾಡುತ್ತಾರೆ. ಐದು ದ್ವಿಪದಿ ಆದ ಮೇಲೆ ಕೈಮುಗಿದು ಎದ್ದುಬಿಡುತ್ತಾರೆ. ಇನ್ನೊಂದು ಇದೆಯಲ್ಲ, ಅದನ್ನು ಹಾಡಿ ಎಂದು ದಯವಿಟ್ಟು ಯಾರೂ ಕೂಗಬೇಡಿ. ಅದನ್ನು ಹಾಡದೆ ಬಿಟ್ಟರೆ ನಾನು ಮುಂದಿನ ಸಾಲಿನಲ್ಲಿ ಕೂತಿದ್ದೇನೆ ಎಂದು ತಿಳಿದುಕೊಳ್ಳಿ.

ಇಷ್ಟು ಹೊತ್ತು ಒಬ್ಬ ಪತಿಯ ಗೊಣಗಾಟ ಕೇಳಿದ ನಿಮಗೆಲ್ಲ, ಆ ಚೀಟಿ ಕಳಿಸಿದ ಅಧ್ಯಕ್ಷರಿಗೆ, ಹೆಸರು ಕೇಳದೆ ನಮ್ಮನ್ನು ಒಯ್ದ ಆ ಟೆಂಪೊ ಚಾಲಕನಿಗೆ, ಎಲ್ಲರಿಗೂ ಉಪಕಾರ. ನಮಸ್ಕಾರ.